ತಾಳ ತಪ್ಪಿದ ಹೃದಯ: ಮೊದಲು ಮದ್ದು ಯಾವುದಕ್ಕೆ?

‘ಎದೆ ಪಟಪಟ ಹೊಡ್ಕೊಳ್ತದೆ ಡಾಕ್ಟ್ರೇ, ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು ಬರ್ತದೆ’ ಎಂದು ಬಂದವರ ಮಣಿಕಟ್ಟಿನ ಮೇಲೆ ವೈದ್ಯರು ಮೂರು ಬೆರಳಿಟ್ಟು ನಾಡಿ ನೋಡುತ್ತಾರೆ. ಎರಡು ಬಡಿತ ಒತ್ತೊತ್ತಿಗೆ ಬರುತ್ತವೆ, ಮೂರನೆಯದು ತಡವಾಗುತ್ತದೆ, ನಾಲ್ಕನೆಯದು ಬೆರಳಿಗೆ ಸಿಕ್ಕೂ ಸಿಗದಂತೆ ಜಾರಿಹೋಗುತ್ತದೆ. ಒಂದು ನಿಮಿಷ ಪೂರ್ತಿ ಎಣಿಸಿದರೂ ಯಾವ ಲೆಕ್ಕವೂ ಕೂಡಿಬರುವುದಿಲ್ಲ. ಇಸಿಜಿ ತೆಗೆದರೆ, ಪ್ರತಿ ಬಡಿತಕ್ಕೂ ಮುಂಚೆ ಕಾಣಬೇಕಾದ ಸಣ್ಣ ಉಬ್ಬು, ಅಂದರೆ ಪಿ ಅಲೆ, ಇರುವುದೇ ಇಲ್ಲ; ಅದರ ಜಾಗದಲ್ಲಿ ನಡುಗುವ ಗೆರೆ. ಈ ಕಾಯಿಲೆ ಏಟ್ರಿಯಲ್ ಫಿಬ್ರಿಲೇಶನ್. ಆಸ್ಪತ್ರೆಯ ಮಾತಿನಲ್ಲಿ ಎಎಫ್. ಹೃದಯದ ತಾಳ ತಪ್ಪುವ ಕಾಯಿಲೆಗಳು ಹತ್ತಾರಿವೆ. ದೀರ್ಘಕಾಲ ಚಿಕಿತ್ಸೆ ಬೇಡುವವುಗಳಲ್ಲಿ ಅತಿ ಹೆಚ್ಚು ಜನರನ್ನು ಕಾಡುವುದು ಇದೇ.

ಇನ್ನು ಕೆಲವರಿಗೆ ಪಟಪಟವೂ ಇಲ್ಲ, ಏದುಸಿರೂ ಇಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆ, ಬಲಗೈ ಬಿದ್ದುಹೋಗುತ್ತದೆ, ಮಾತು ತೊದಲುತ್ತದೆ. ಲಕ್ವ ಹೊಡೆದಿದೆ ಎಂದು ಆಸ್ಪತ್ರೆಗೆ ಕರೆದೊಯ್ದ ಮೇಲೆ ತೆಗೆದ ಇಸಿಜಿಯಲ್ಲಿ ಎಎಫ್ ಮೊದಲ ಬಾರಿಗೆ ಕಾಣಿಸುತ್ತದೆ. ಇಬ್ಬರಿಗೂ ಇರುವುದು ಒಂದೇ ಕಾಯಿಲೆ. ಮೊದಲನೆಯವರು ತಮ್ಮನ್ನು ಕಾಡುವ ಬಡಿತವನ್ನು ನಿಲ್ಲಿಸಿ ಎನ್ನುತ್ತಾರೆ. ಎರಡನೆಯವರನ್ನು ಕೆಡವಿದ್ದು ಅವರ ಅರಿವಿಗೇ ಬಾರದ ಒಂದು ರಕ್ತದ ಹೆಪ್ಪು. ಎಎಫ್ ಚಿಕಿತ್ಸೆಯ ಇನ್ನೂರು ವರ್ಷಗಳಲ್ಲಿ ಹೆಚ್ಚಿನ ಕಾಲ ಬಡಿತದ ಹಿಂದೆ ಓಡುವುದರಲ್ಲೇ ಕಳೆದುಹೋಯಿತು. ಆದರೆ ಹೆಚ್ಚು ಜೀವಗಳನ್ನು, ಹೆಚ್ಚು ಜನರ ಕೈಕಾಲು ಮತ್ತು ಮಾತನ್ನು ಉಳಿಸಿದ್ದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು. ಇವೆರಡರಲ್ಲಿ ಯಾವುದು ಮೊದಲು ಎಂಬುದು ರೋಗಿಗೂ ಮನೆಯವರಿಗೂ ಸ್ಪಷ್ಟವಾಗಬೇಕು ಎಂಬುದೇ ಈ ಲೇಖನದ ಕಾಳಜಿ. ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಹೃದಯದ ಬಲ ಮೇಲ್ಕೋಣೆಯಲ್ಲಿ ಸೈನಸ್ ನೋಡ್ ಎಂಬ ಜೀವಕೋಶಗಳ ಗುಂಪೊಂದಿದೆ. ಪ್ರತಿ ಬಡಿತದ ವಿದ್ಯುತ್ ಸಂಕೇತ ಅಲ್ಲಿಂದ ಹೊರಟು, ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳಲ್ಲಿ ಹರಡಿ, ನಡುವಿನ ಎವಿ ನೋಡ್ ದಾಟಿ, ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಎಎಫ್ ಬಂದಾಗ ಮೇಲ್ಕೋಣೆಗಳಲ್ಲಿ ನಿಮಿಷಕ್ಕೆ 350ರಿಂದ 600ರಷ್ಟು ಸಂಕೇತಗಳು ಎಲ್ಲೆಂದರಲ್ಲಿ ಏಳುತ್ತವೆ. ಸ್ನಾಯು ಸಂಕುಚಿಸುವುದನ್ನು ಬಿಟ್ಟು ಬರೀ ಅದುರುತ್ತದೆ. ಅಷ್ಟನ್ನೂ ಎವಿ ನೋಡ್ ಕೆಳಕ್ಕೆ ಬಿಡುವುದಿಲ್ಲ; ಕೆಲವನ್ನು ಬಿಟ್ಟು ಕೆಲವನ್ನು ತಡೆಯುವುದರಿಂದ ನಾಡಿ ನೂರು, ನೂರೈವತ್ತರಲ್ಲಿ ಕ್ರಮವಿಲ್ಲದೆ ಓಡುತ್ತದೆ. ಎಡ ಹೃತ್ಕರ್ಣಕ್ಕೆ ಅಂಟಿಕೊಂಡು ಕಿವಿಯ ಹಾಲೆಯಂಥ ಒಂದು ಸಣ್ಣ ಚೀಲವಿದೆ. ಸಂಕುಚನ ನಿಂತಾಗ ರಕ್ತ ಮಡುಗಟ್ಟುವುದು ಅಲ್ಲಿಯೇ. ಕವಾಟದ ಕಾಯಿಲೆ ಇಲ್ಲದ ಎಎಫ್ ರೋಗಿಗಳಲ್ಲಿ ಎಡ ಹೃತ್ಕರ್ಣದ ಹೆಪ್ಪುಗಳಲ್ಲಿ ಹತ್ತಕ್ಕೆ ಒಂಬತ್ತು ಈ ಚೀಲದಲ್ಲೇ ಸಿಗುತ್ತವೆ. ಅಲ್ಲಿಂದ ಕಿತ್ತುಬಂದ ತುಣುಕು ನೇರವಾಗಿ ಮಿದುಳಿನ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಳ್ಳಬಲ್ಲದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ದೀರ್ಘ ಅಧ್ಯಯನ, ಎಎಫ್ ಇದ್ದವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು ಎಂದು ತೋರಿಸಿತು. ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟು ಬಂದ ಎಎಫ್ ಆದರೆ 17 ಪಟ್ಟು.

ಬಡಿತಕ್ಕೆ ಮದ್ದು ಹುಡುಕಿದ ಕಥೆ ಹಳೆಯದು. ಇಂಗ್ಲೆಂಡಿನ ವಿಲಿಯಂ ವಿದರಿಂಗ್ 1785ರಲ್ಲಿ ಫಾಕ್ಸ್‌ಗ್ಲವ್ ಗಿಡದ ಎಲೆಯ ಗುಣಗಳ ಬಗ್ಗೆ ಪುಸ್ತಕ ಬರೆದ. ಮೈ ಬಾತುಕೊಂಡವರಿಗೆ ಅವನು ಕೊಟ್ಟ ಆ ಎಲೆಯ ಸಾರವೇ ಇಂದಿನ ಡಿಗಾಕ್ಸಿನ್ ಮಾತ್ರೆಯ ಪೂರ್ವಜ. ಎವಿ ನೋಡನ್ನು ಬಿಗಿಮಾಡಿ ನಾಡಿಯ ಓಟವನ್ನು ತಗ್ಗಿಸುವುದು ಅದರ ಕೆಲಸ; ಮೇಲ್ಕೋಣೆಯ ಅದುರಾಟವನ್ನು ಅದು ನಿಲ್ಲಿಸುವುದಿಲ್ಲ. ನಿಲ್ಲಿಸುವ ಮೊದಲ ಔಷಧದ ಸುಳಿವು ಸಿಕ್ಕಿದ್ದು ಒಬ್ಬ ರೋಗಿಯಿಂದ. 1912ರಲ್ಲಿ ಡಚ್ ವ್ಯಾಪಾರಿಯೊಬ್ಬ ಹೃದಯತಜ್ಞ ಕಾರೆಲ್ ವೆಂಕೆಬಾಕ್ ಅವರ ಬಳಿ ಬಂದು, ಕ್ವಿನೈನ್ ನುಂಗಿದರೆ ನನ್ನ ಬಡಿತ ಸರಿಹೋಗುತ್ತದೆ ಎಂದ. ವೈದ್ಯರು ನಂಬಲಿಲ್ಲ. ಮರುದಿನ ಅವನು ಸರಿಯಾದ ನಾಡಿಯೊಂದಿಗೇ ಬಂದು ನಿಂತ. ಮಲೇರಿಯಾದ ಮದ್ದಿನ ಆ ಗುಣವನ್ನೇ ಬೆನ್ನುಹತ್ತಿ ವಾಲ್ಟರ್ ಫ್ರೈ 1918ರಲ್ಲಿ ಕ್ವಿನಿಡಿನ್ ಬಳಕೆಗೆ ದಾರಿ ಮಾಡಿದರು. ರೋಗಿಯ ಮಾತನ್ನು ಕಿವಿಗೊಟ್ಟು ಕೇಳಿದ್ದರಿಂದ ಒಂದು ವರ್ಗದ ಔಷಧಗಳೇ ಹುಟ್ಟಿಕೊಂಡವು ಎಂಬುದನ್ನು ಇಂದಿನ ವೈದ್ಯ ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು.

ಔಷಧ ಕೆಲಸಕ್ಕೆ ಬಾರದಾಗ ಶಾಕ್ ಕೊಟ್ಟು ತಾಳ ಮರಳಿಸುವ ವಿಧಾನವನ್ನು 1962ರಲ್ಲಿ ಬಾಸ್ಟನ್ನಿನ ಬರ್ನಾರ್ಡ್ ಲೌನ್ ಜಾರಿಗೆ ತಂದರು. ಶಾಕ್ ಎಂದ ಕೂಡಲೇ ಮನೆಮಂದಿಯ ಮುಖ ಬಿಳುಚಿಕೊಳ್ಳುತ್ತದೆ. ಆದರೆ ಕೋಣೆಯೊಳಗೆ ನಡೆಯುವುದು ಇಷ್ಟೇ. ರೋಗಿ ಖಾಲಿ ಹೊಟ್ಟೆಯಲ್ಲಿ ಮಲಗಿರುತ್ತಾರೆ. ಎದೆಗೂ ಬೆನ್ನಿಗೂ ಅಂಗೈಗಿಂತ ದೊಡ್ಡ ಎರಡು ಅಂಟುಪಟ್ಟಿಗಳನ್ನು ಹಚ್ಚುತ್ತಾರೆ. ರಕ್ತನಾಳಕ್ಕೆ ಕೊಟ್ಟ ಚುಚ್ಚುಮದ್ದಿನಿಂದ ಕೆಲವು ನಿಮಿಷ ನಿದ್ದೆ ಬರುತ್ತದೆ. ಯಂತ್ರ ಪ್ರತಿ ಬಡಿತದ ಚೂಪಾದ ಏರಿನ ಮೇಲೆ ಗುರುತು ಹಾಕುತ್ತಾ ಕಾಯುತ್ತದೆ, ಏಕೆಂದರೆ ತಪ್ಪಾದ ಕ್ಷಣದಲ್ಲಿ ಬಿದ್ದ ಶಾಕ್ ಕೆಳಕೋಣೆಯ ತಾಳವನ್ನೇ ಕೆಡಿಸಬಹುದು. ಗುಂಡಿ ಒತ್ತಿದಾಗ ಮೈ ಒಮ್ಮೆ ಕುಪ್ಪಳಿಸುತ್ತದೆ, ಪರದೆಯ ಮೇಲಿನ ಗೆರೆ ಒಂದು ಗಳಿಗೆ ಚಪ್ಪಟೆಯಾಗುತ್ತದೆ, ಆಮೇಲೆ ಕಳೆದುಹೋಗಿದ್ದ ಪಿ ಅಲೆ ಪ್ರತಿ ಬಡಿತದ ಮುಂದೆ ಮರಳಿ ಬರುತ್ತದೆ. ಎಚ್ಚರವಾದ ಮೇಲೆ ಹೆಚ್ಚಿನವರಿಗೆ ಏನೂ ನೆನಪಿರುವುದಿಲ್ಲ. ಇಲ್ಲಿಯೂ ನಿಯಮ ಹೆಪ್ಪಿನದ್ದೇ. ಎಎಫ್ ಶುರುವಾಗಿ 48 ಗಂಟೆ ದಾಟಿದ್ದರೆ, ಅಥವಾ ಯಾವಾಗ ಶುರುವಾಯಿತೆಂದೇ ಗೊತ್ತಿಲ್ಲದಿದ್ದರೆ, ಮೂರು ವಾರ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟು, ಇಲ್ಲವೇ ಅನ್ನನಾಳದೊಳಗಿಂದ ಎಕೋ ಮಾಡಿ ಹೆಪ್ಪಿಲ್ಲವೆಂದು ಖಚಿತಪಡಿಸಿಕೊಂಡು ಶಾಕ್ ಕೊಡಬೇಕು. ಆಮೇಲೂ ಕನಿಷ್ಠ ನಾಲ್ಕು ವಾರ ಮಾತ್ರೆ ನಿಲ್ಲುವಂತಿಲ್ಲ. ಅದುರುತ್ತಿದ್ದ ಕೋಣೆ ಮತ್ತೆ ಸಂಕುಚಿಸತೊಡಗುವಾಗಲೇ ಹಳೆಯ ಹೆಪ್ಪು ಹೊರಕ್ಕೆ ಸಿಡಿಯುವ ಭಯ ಹೆಚ್ಚು.

ತಾಳ ಸರಿಮಾಡುವ ಔಷಧಗಳು ಎಷ್ಟು ಹುಷಾರಿನಿಂದ ಬಳಸಬೇಕಾದವು ಎಂಬುದನ್ನು ವೈದ್ಯಲೋಕ ಕಲಿತದ್ದು ಸಾವುಗಳ ಮೂಲಕ. ಹೃದಯಾಘಾತವಾದವರಲ್ಲಿ ಕೆಳಕೋಣೆಯ ಬಿಡಿ ಬಡಿತಗಳನ್ನು ಅಡಗಿಸಿದರೆ ಸಾವು ತಪ್ಪುತ್ತದೆ ಎಂದು 1980ರ ದಶಕದಲ್ಲಿ ಎಲ್ಲರೂ ನಂಬಿದ್ದರು. ಅಮೆರಿಕದ ಕ್ಯಾಸ್ಟ್ ಪರೀಕ್ಷೆಯಲ್ಲಿ ಎನ್ಕೈನೈಡ್, ಫ್ಲೆಕೈನೈಡ್ ತೆಗೆದುಕೊಂಡವರಲ್ಲಿ 63 ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ದೊಡ್ಡದಾದ, ಬರೀ ಸಪ್ಪೆ ಮಾತ್ರೆ ನುಂಗಿದ ಗುಂಪಿನಲ್ಲಿ ಸತ್ತವರು 26. ಇಸಿಜಿ ಚೆನ್ನಾಗಿ ಕಂಡಿತು, ಮನುಷ್ಯ ಉಳಿಯಲಿಲ್ಲ. ಅದು ಎಎಫ್ ರೋಗಿಗಳ ಮೇಲಿನ ಪರೀಕ್ಷೆಯಲ್ಲ ನಿಜ. ಆದರೆ ಕಾಗದದ ಮೇಲಿನ ಗೆರೆಯನ್ನು ಸರಿಪಡಿಸುವುದೇ ಚಿಕಿತ್ಸೆಯ ಗುರಿಯಾಗಬಾರದು ಎಂಬ ಪಾಠ ಎಲ್ಲ ಬಗೆಯ ತಾಳತಪ್ಪಿಗೂ ಅನ್ವಯಿಸಿತು. ಇಂದು ಫ್ಲೆಕೈನೈಡನ್ನು ಹೃದಯದ ಸ್ನಾಯು, ರಕ್ತನಾಳ ಚೆನ್ನಾಗಿರುವವರಿಗೆ ಮಾತ್ರ ಕೊಡುತ್ತಾರೆ. ಹೃದಯ ದುರ್ಬಲವಾದವರಿಗೆ ಉಳಿಯುವುದು ಹೆಚ್ಚಾಗಿ ಅಮಿಯೋಡರೋನ್. ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ 200 ಮಿಲಿಗ್ರಾಂನ ಒಂದು ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ಥೈರಾಯ್ಡ್ ಏರುವುದೂ ಉಂಟು, ಇಳಿಯುವುದೂ ಉಂಟು. ಶ್ವಾಸಕೋಶ, ಯಕೃತ್ತುಗಳಿಗೂ ಪೆಟ್ಟು ಬೀಳಬಹುದು, ಮಾತ್ರೆ ಬಿಟ್ಟ ಮೇಲೂ ಅದರ ಅಂಶ ತಿಂಗಳುಗಟ್ಟಲೆ ಮೈಯಲ್ಲಿರುತ್ತದೆ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ವರ್ಷಗಟ್ಟಲೆ ಅಮಿಯೋಡರೋನ್ ತರಿಸಿಕೊಂಡು ನುಂಗುವವರು ಆರು ತಿಂಗಳಿಗೊಮ್ಮೆಯಾದರೂ ಥೈರಾಯ್ಡ್, ಯಕೃತ್ತಿನ ರಕ್ತಪರೀಕ್ಷೆ ಮಾಡಿಸಲೇಬೇಕು.

ಹಾಗಾದರೆ ತಾಳವನ್ನು ಸರಿಮಾಡುವುದಕ್ಕೆ ಒದ್ದಾಡಬೇಕೇ, ಅಥವಾ ಎಎಫ್ ಇರಲಿ ಬಿಡಿ ಎಂದು ನಾಡಿಯ ವೇಗವನ್ನಷ್ಟೇ ತಗ್ಗಿಸಿಕೊಂಡು ಬದುಕಬಹುದೇ? ಈ ಕ್ಷೇತ್ರದ ಅತಿ ದೊಡ್ಡ ಜಿಜ್ಞಾಸೆ ಇದು. 2002ರ ಅಫರ್ಮ್ ಪರೀಕ್ಷೆಯಲ್ಲಿ 4060 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಐದು ವರ್ಷದಲ್ಲಿ ತಾಳ ಕಾಯ್ದ ಗುಂಪಿನಲ್ಲಿ ಶೇ 23.8, ವೇಗವನ್ನಷ್ಟೇ ತಗ್ಗಿಸಿದ ಗುಂಪಿನಲ್ಲಿ ಶೇ 21.3 ಜನ ತೀರಿಕೊಂಡರು. ತಾಳಕ್ಕಾಗಿ ಪಟ್ಟ ಕಷ್ಟದಿಂದ ಆಯಸ್ಸು ಹೆಚ್ಚಲಿಲ್ಲ. ಆ ವರದಿಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಬೇರೆ ಒಂದು ಮಾತು. ಎರಡೂ ಗುಂಪುಗಳಲ್ಲಿ ಲಕ್ವ ಹೊಡೆದವರಲ್ಲಿ ಹೆಚ್ಚಿನವರು ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆ ನಿಲ್ಲಿಸಿದ್ದವರು, ಇಲ್ಲವೇ ಅದರ ಪ್ರಮಾಣ ಸಾಲದೇ ಇದ್ದವರು. ತಾಳ ಸರಿಹೋಯಿತಲ್ಲ, ಇನ್ನೇಕೆ ಈ ಮಾತ್ರೆ ಎಂದುಕೊಂಡದ್ದು ಎಷ್ಟೋ ಜನರಿಗೆ ಮುಳುವಾಯಿತು. ವೇಗ ತಗ್ಗಿಸುವ ದಾರಿ ಹಿಡಿದರೂ ತೀರಾ ಬಿಗಿ ಬೇಕಿಲ್ಲ. ವಿಶ್ರಾಂತಿಯಲ್ಲಿ ನಾಡಿ 110ಕ್ಕಿಂತ ಕೆಳಗಿದ್ದರೆ ಬಹಳ ಜನಕ್ಕೆ ಸಾಕು ಎಂದು 2010ರ ಡಚ್ ಅಧ್ಯಯನವೊಂದು ತೋರಿಸಿತು. ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್ ಈ ಕೆಲಸದ ಮಾತ್ರೆಗಳು.

ಹದಿನೆಂಟು ವರ್ಷದ ನಂತರ ತಕ್ಕಡಿ ಸ್ವಲ್ಪ ತಾಳದ ಕಡೆಗೆ ವಾಲಿತು. 2020ರಲ್ಲಿ ಯುರೋಪಿನ ಈಸ್ಟ್ ಪರೀಕ್ಷೆ, ಎಎಫ್ ಪತ್ತೆಯಾಗಿ ಒಂದು ವರ್ಷದೊಳಗಿನ 2789 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ತಡಮಾಡದೆ ತಾಳ ಕಾಯುವ ಚಿಕಿತ್ಸೆ ಕೊಟ್ಟು ನೋಡಿತು. ಹೃದಯದ ಕಾರಣದ ಸಾವು, ಲಕ್ವ, ಹೃದಯ ವೈಫಲ್ಯ ಅಥವಾ ಎದೆನೋವಿಗೆ ಆಸ್ಪತ್ರೆ ಸೇರುವುದು ಇವೆಲ್ಲ ಸೇರಿ ವರ್ಷಕ್ಕೆ ನೂರು ಜನರಲ್ಲಿ 5.0 ಇದ್ದದ್ದು 3.9ಕ್ಕೆ ಇಳಿಯಿತು. ಈ ವ್ಯತ್ಯಾಸ ಎಲ್ಲಿಂದ ಬಂತು? ನೆದರ್ಲೆಂಡ್ಸಿನ ಮೌರಿಟ್ಸ್ ಅಲೆಸ್ಸಿಯವರ ತಂಡ ಆಡುಗಳ ಮೇಲೆ ನಡೆಸಿ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧ ಉತ್ತರವಿದೆ. ಆಡಿನ ಹೃತ್ಕರ್ಣವನ್ನು ಕೃತಕವಾಗಿ ಅದುರಿಸುತ್ತ ಹೋದರೆ, ಮೊದಲು ಕೆಲವು ಸೆಕೆಂಡಿನಲ್ಲಿ ತಾನೇ ನಿಲ್ಲುತ್ತಿದ್ದ ಅದುರು, ದಿನ ಕಳೆದಂತೆ ನಿಲ್ಲದೇ ಹೋಯಿತು. ಎಎಫ್ ತನ್ನ ಬೇರನ್ನು ತಾನೇ ಆಳಕ್ಕಿಳಿಸಿಕೊಳ್ಳುತ್ತದೆ. ಆದ್ದರಿಂದ ಬೇಗ ಹಿಡಿದರೆ ಲಾಭ. ಉಳಿದರ್ಧ ಉತ್ತರ, ಈಸ್ಟ್ ಪರೀಕ್ಷೆಯ ಎರಡೂ ಗುಂಪುಗಳಲ್ಲಿ ಹತ್ತರಲ್ಲಿ ಒಂಬತ್ತು ಜನ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯಲ್ಲೇ ಇದ್ದರು ಎಂಬುದರಲ್ಲಿದೆ. ಆ ಬುನಾದಿಯ ಮೇಲೆ ನಿಂತೇ ತಾಳದ ಚಿಕಿತ್ಸೆ ಫಲ ಕೊಟ್ಟಿತು.

ತಾಳ ಕಾಯುವುದರಲ್ಲಿ ಇಂದು ಮುಂಚೂಣಿಯಲ್ಲಿರುವುದು ಅಬ್ಲೇಶನ್. ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಹೈಸಗೇರ್ ಅವರ ತಂಡ 1998ರಲ್ಲಿ 45 ರೋಗಿಗಳನ್ನು ಪರೀಕ್ಷಿಸಿ, ಎಎಫ್ ಕಿಡಿ ಹೊತ್ತುವ ಜಾಗಗಳಲ್ಲಿ ಶೇ 94ರಷ್ಟು ಶ್ವಾಸಕೋಶದಿಂದ ರಕ್ತ ತರುವ ಅಭಿಧಮನಿಗಳ ಒಳಗೇ ಇವೆ ಎಂದು ತೋರಿಸಿತು. ಅಲ್ಲಿಯವರೆಗೆ ಇದ್ದದ್ದು ಜೇಮ್ಸ್ ಕಾಕ್ಸ್ 1987ರಲ್ಲಿ ಶುರುಮಾಡಿದ, ಎದೆ ತೆರೆದು ಹೃತ್ಕರ್ಣವನ್ನು ಕತ್ತರಿಸಿ ಹೊಲಿಯುವ ಶಸ್ತ್ರಚಿಕಿತ್ಸೆ. ಈಗ ತೊಡೆಸಂದಿನ ರಕ್ತನಾಳದಿಂದ ತೆಳು ಕೊಳವೆಗಳನ್ನು ಮೇಲೇರಿಸಿ, ಎರಡು ಹೃತ್ಕರ್ಣಗಳ ನಡುವಿನ ಗೋಡೆಯನ್ನು ಚುಚ್ಚಿ ಎಡಕ್ಕೆ ದಾಟಿ, ಆ ನಾಲ್ಕು ರಕ್ತನಾಳಗಳ ಬಾಯಿಯ ಸುತ್ತ ಸ್ನಾಯುವನ್ನು ಸುಟ್ಟು ಅಥವಾ ಹಿಮಗಟ್ಟಿಸಿ ವಿದ್ಯುತ್ತಿಗೆ ತಡೆಗೋಡೆ ಕಟ್ಟುತ್ತಾರೆ. ಶಾಖದ ಅಪರೂಪದ ಆದರೆ ಪ್ರಾಣಾಂತಿಕ ತೊಡಕು ಎಂದರೆ ಹೃದಯದ ಹಿಂದೆಯೇ ಇರುವ ಅನ್ನನಾಳಕ್ಕೆ ತೂತು ಬೀಳುವುದು. ಶಾಖದ ಬದಲು ಅತಿ ಕಿರು ಅವಧಿಯ ವಿದ್ಯುತ್ ಮಿಡಿತಗಳಿಂದ ಹೃದಯದ ಸ್ನಾಯುವನ್ನೇ ಗುರಿಯಿಡುವ ಪಲ್ಸ್ಡ್ ಫೀಲ್ಡ್ ಅಬ್ಲೇಶನ್‌ನಿಂದ ಆ ಭಯ ಬಹಳ ಕಡಿಮೆಯಾಗಿದೆ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2023ರ ಕೊನೆಗೆ.

ಅಬ್ಲೇಶನ್ ಮಾಡಿಸಿದರೆ ಏನು ಸಿಗುತ್ತದೆ ಎಂಬುದನ್ನು ರೋಗಿಗೆ ಬಿಡಿಸಿ ಹೇಳಬೇಕು. ಬಂದು ಹೋಗುವ ಎಎಫ್ ಇದ್ದವರಲ್ಲಿ ಹತ್ತಕ್ಕೆ ಏಳು ಜನ ಒಂದು ವರ್ಷ ಅದರ ಕಾಟವಿಲ್ಲದೆ ಇರುತ್ತಾರೆ. ಬೇರೂರಿದ ಎಎಫ್‌ನಲ್ಲಿ ಕಡಿಮೆ. ಕೆಲವರಿಗೆ ಎರಡನೇ ಬಾರಿ ಮಾಡಬೇಕಾಗುತ್ತದೆ. ಹೃದಯದ ಸುತ್ತ ರಕ್ತ ಸೋರಿಕೊಳ್ಳುವಂಥ ಗಂಭೀರ ತೊಡಕು ಸುಮಾರು ನೂರರಲ್ಲಿ ಒಬ್ಬರಿಗೆ ಬರಬಹುದು. ಕಬಾನಾ ಎಂಬ 2019ರ ದೊಡ್ಡ ಪರೀಕ್ಷೆಯಲ್ಲಿ ಸಾವು, ಲಕ್ವಗಳನ್ನು ಸೇರಿಸಿ ನೋಡಿದಾಗ ಔಷಧಕ್ಕಿಂತ ಅಬ್ಲೇಶನ್ ಖಚಿತವಾಗಿ ಮೇಲು ಎಂದು ಸಾಬೀತಾಗಲಿಲ್ಲ. ಬದುಕಿನ ನೆಮ್ಮದಿ ಹೆಚ್ಚಿದ್ದು ಮಾತ್ರ ಸ್ಪಷ್ಟ. ಇದು ಮನಸ್ಸಿನ ಸಮಾಧಾನವಷ್ಟೇ ಇರಬಹುದೇ ಎಂಬ ಅನುಮಾನಕ್ಕೆ ಬ್ರಿಟನ್ನಿನ ತಂಡವೊಂದು 2024ರಲ್ಲಿ ಉತ್ತರ ಕೊಟ್ಟಿತು. ಅರ್ಧ ಜನಕ್ಕೆ ನಿಜವಾದ ಅಬ್ಲೇಶನ್, ಉಳಿದರ್ಧಕ್ಕೆ ಹೆಸರಿಗಷ್ಟೇ ಅಬ್ಲೇಶನ್ ಮಾಡಿ ನೋಡಿದಾಗ ನಿಜವಾದದ್ದೇ ಗೆದ್ದಿತು. ಹೃದಯ ಸೋತು ನೀರು ತುಂಬಿಕೊಳ್ಳುವ ರೋಗಿಗಳಲ್ಲಿ ಲಾಭ ಇನ್ನೂ ದೊಡ್ಡದು. 363 ಜನರ ಕ್ಯಾಸಲ್ ಪರೀಕ್ಷೆಯಲ್ಲಿ ಸಾವು ಅಥವಾ ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರುವುದು ಶೇ 44.6ರಿಂದ 28.5ಕ್ಕೆ ಇಳಿಯಿತು. ಅಂಥವರಿಗೂ, ಮಾತ್ರೆ ನುಂಗಿಯೂ ಬಡಿತದ ಕಾಟ ತಾಳಲಾರದವರಿಗೂ ಅಬ್ಲೇಶನ್ ಒಳ್ಳೆಯ ಚಿಕಿತ್ಸೆ. ಬಡಿತದ ಅರಿವೇ ಇಲ್ಲದ, ಹೃದಯ ಗಟ್ಟಿಯಾಗಿರುವ ಎಂಬತ್ತು ವರ್ಷದವರಿಗೆ ಲಕ್ಷಗಟ್ಟಲೆ ಸಾಲ ಮಾಡಿಸಿ ಮಾಡುವಂಥದ್ದಲ್ಲ.

ಈಗ ಹೆಪ್ಪಿನ ಮಾತಿಗೆ ಬರೋಣ. ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ 1920ರ ದಶಕದಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ಸೋರಿ ಸಾಯತೊಡಗಿದವು. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ಅದಕ್ಕೆ ಕಾರಣವಾಗಿತ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಅವರ ತಂಡ ಅದರಲ್ಲಿನ ವಸ್ತುವನ್ನು ಬೇರ್ಪಡಿಸಿತು, ಅದರಿಂದಲೇ ವಾರ್ಫರಿನ್ ಹುಟ್ಟಿತು. 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದದ್ದು, ಕೆಲವೇ ವರ್ಷಗಳಲ್ಲಿ ಮನುಷ್ಯರ ಔಷಧವಾಯಿತು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ 1955ರಲ್ಲಿ ಹೃದಯಾಘಾತವಾದಾಗ ಕೊಟ್ಟದ್ದೂ ಇದನ್ನೇ. ಎಎಫ್ ರೋಗಿಗಳಲ್ಲಿ ವಾರ್ಫರಿನ್ ಲಕ್ವವನ್ನು ಸುಮಾರು ಮೂರನೇ ಎರಡರಷ್ಟು ತಗ್ಗಿಸುತ್ತದೆ. ಹೃದಯದ ಕಾಯಿಲೆಗಳಲ್ಲಿ ಇಷ್ಟು ದೊಡ್ಡ ಲಾಭ ಕೊಡುವ ಅಗ್ಗದ ಮಾತ್ರೆಗಳು ಕೆಲವೇ.

ನಮ್ಮಲ್ಲಿ ವಾರ್ಫರಿನ್ ಜಾಗದಲ್ಲಿ ಆಸ್ಪಿರಿನ್ ಕೊಟ್ಟು ಕಳಿಸುವ ರೂಢಿ ಇನ್ನೂ ಹೋಗಿಲ್ಲ. ರಕ್ತಸ್ರಾವದ ಭಯಕ್ಕೆ ಮಾಡುವ ರಾಜಿ ಅದು. 2011ರ ಅವೆರೋಸ್ ಪರೀಕ್ಷೆಯ ನಂತರ ಆ ರಾಜಿಗೆ ಸಮರ್ಥನೆ ಉಳಿದಿಲ್ಲ. ವಾರ್ಫರಿನ್ ಆಗದು ಎಂದು ಬಿಟ್ಟವರಲ್ಲಿ ಆಸ್ಪಿರಿನ್ ತೆಗೆದುಕೊಂಡವರಿಗೆ ವರ್ಷಕ್ಕೆ ಶೇ 3.7ರಷ್ಟು ಲಕ್ವ ಮತ್ತು ಹೆಪ್ಪಿನ ಅವಘಡಗಳಾದರೆ, ಅಪಿಕ್ಸಬಾನ್ ತೆಗೆದುಕೊಂಡವರಿಗೆ ಶೇ 1.6. ದೊಡ್ಡ ರಕ್ತಸ್ರಾವ ಹೆಚ್ಚುಕಡಿಮೆ ಸಮಸಮ. ಅಂದರೆ ಆಸ್ಪಿರಿನ್ ರಕ್ತವನ್ನೂ ಸೋರಿಸುತ್ತದೆ, ಲಕ್ವವನ್ನೂ ತಡೆಯುವುದಿಲ್ಲ. 2009ರಿಂದೀಚೆಗೆ ಬಂದ ಡಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಮಾತ್ರೆಗಳಿಗೆ ವಾರ್ಫರಿನ್‌ನಂತೆ ಪದೇಪದೇ ರಕ್ತ ಪರೀಕ್ಷೆ ಬೇಡ, ಸೊಪ್ಪಿನ ಪಥ್ಯ ಬೇಡ, ತಲೆಯೊಳಗಿನ ರಕ್ತಸ್ರಾವ ವಾರ್ಫರಿನ್‌ನ ಅರ್ಧದಷ್ಟು. ಪೇಟೆಂಟ್ ಮುಗಿದು ಭಾರತದ ಕಂಪನಿಗಳೇ ತಯಾರಿಸತೊಡಗಿದ ಮೇಲೆ ಬೆಲೆಯೂ ಇಳಿದಿದೆ. ಮೂತ್ರಪಿಂಡದ ಶಕ್ತಿ ನೋಡಿ ಪ್ರಮಾಣ ನಿಗದಿ ಮಾಡಬೇಕು, ಹೊತ್ತು ತಪ್ಪಿಸಬಾರದು, ರಿವರಾಕ್ಸಬಾನನ್ನು ಊಟದ ಜೊತೆಗೇ ನುಂಗಬೇಕು. ಒಂದೆರಡು ದಿನ ಬಿಟ್ಟರೆ ರಕ್ಷಣೆ ಪೂರ್ತಿ ಹೋಗುತ್ತದೆ. ಮಂಡಿನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಇವುಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸುರಿಯಬಹುದು.

ಯಾರಿಗೆ ಈ ಹೆಪ್ಪು ತಡೆಯುವ ಮಾತ್ರೆ? ಹೃದಯ ವೈಫಲ್ಯ, ಬಿಪಿ, ಸಕ್ಕರೆ ಕಾಯಿಲೆ, ರಕ್ತನಾಳದ ಕಾಯಿಲೆ, 65 ದಾಟಿದ ವಯಸ್ಸು ಇವಕ್ಕೆ ತಲಾ ಒಂದು ಅಂಕ. ಹಿಂದೆ ಲಕ್ವ ಹೊಡೆದಿದ್ದರೆ ಅಥವಾ ವಯಸ್ಸು 75 ದಾಟಿದ್ದರೆ ಎರಡು. ಎರಡು ಅಂಕ ಬಂದರೆ ಮಾತ್ರೆ ಬೇಕೇ ಬೇಕು. ಅಜ್ಜ ಬೀಳುತ್ತಾರೆ, ತಲೆಗೆ ಪೆಟ್ಟಾದರೆ ಗತಿಯೇನು ಎಂದು ಮಕ್ಕಳು ಹೆದರಿ ಮಾತ್ರೆ ನಿಲ್ಲಿಸುವುದುಂಟು. ಆ ಭಯ ಸುಳ್ಳಲ್ಲ. ಆದರೂ ಹೆಚ್ಚಿನ ಹಿರಿಯರಿಗೆ ಬೀಳುವುದಕ್ಕಿಂತ ಲಕ್ವದ ಅಪಾಯವೇ ದೊಡ್ಡದು. ನಿಜಕ್ಕೂ ಮಾತ್ರೆ ಒಗ್ಗದವರಿಗೆ ಎಡ ಹೃತ್ಕರ್ಣದ ಆ ಚೀಲದ ಬಾಯನ್ನೇ ಸಣ್ಣ ಸಾಧನವೊಂದರಿಂದ ಮುಚ್ಚುವ ವಿಧಾನವಿದೆ. ಅಬ್ಲೇಶನ್ ಆಗಿ ಕನಿಷ್ಠ ಒಂದು ವರ್ಷ ತಾಳ ಕೆಡದೆ ಇದ್ದವರು ಮಾತ್ರೆ ಬಿಡಬಹುದೇ ಎಂಬ ಬಗ್ಗೆ ಕೊರಿಯಾದಿಂದ 2025ರಲ್ಲಿ ಬಂದ ಅಧ್ಯಯನ ಆಸೆ ಹುಟ್ಟಿಸುವಂತಿದೆ, ಆದರೆ ಅದು ವೈದ್ಯರೊಂದಿಗೆ ಕೂತು ತೀರ್ಮಾನಿಸಬೇಕಾದ ಸಂಗತಿ. ತಾವಾಗಿ ನಿಲ್ಲಿಸುವಂತಿಲ್ಲ.

ಬೇರಿಗೆ ಕೊಡುವ ಮದ್ದನ್ನೂ ಮರೆಯಬಾರದು. ಥೈರಾಯ್ಡ್ ಹೆಚ್ಚಾಗಿ ಎಎಫ್ ಬಂದಿದ್ದರೆ ಅದನ್ನು ಸರಿಪಡಿಸಿದಾಗ ತಾಳ ತಾನೇ ಮರಳಬಹುದು. ಹೊಸದಾಗಿ ಎಎಫ್ ಕಂಡ ಪ್ರತಿಯೊಬ್ಬರಿಗೂ ಟಿಎಸ್‌ಎಚ್ ಪರೀಕ್ಷೆ ಬೇಕು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ದಪ್ಪ ಮೈಯ ರೋಗಿಗಳನ್ನು ಐದು ವರ್ಷ ಹಿಂಬಾಲಿಸಿದಾಗ, ತೂಕದಲ್ಲಿ ಹತ್ತನೇ ಒಂದು ಪಾಲು ಇಳಿಸಿ ಉಳಿಸಿಕೊಂಡವರಲ್ಲಿ ಅರ್ಧದ ಹತ್ತಿರದಷ್ಟು ಜನರಿಗೆ ಔಷಧ, ಅಬ್ಲೇಶನ್ ಎರಡೂ ಇಲ್ಲದೆ ಎಎಫ್ ದೂರವಾಗಿತ್ತು. ಕುಡಿತ ಬಿಟ್ಟವರಲ್ಲಿ ಅದು ಮರುಕಳಿಸುವುದು ಶೇ 73ರಿಂದ 53ಕ್ಕೆ ಇಳಿದದ್ದೂ ಆಸ್ಟ್ರೇಲಿಯಾದ್ದೇ ಅಧ್ಯಯನ. ಬಿಪಿ, ಗೊರಕೆಯೊಂದಿಗೆ ಉಸಿರುಕಟ್ಟುವ ನಿದ್ದೆ ಇವೂ ಲೆಕ್ಕದಲ್ಲಿರಬೇಕು. ಕಾಫಿಯ ಬಗ್ಗೆ ಮಾತ್ರ ನಮ್ಮವರು ನೆಮ್ಮದಿಯಿಂದಿರಬಹುದು. ಶಾಕ್ ಕೊಟ್ಟು ತಾಳ ಮರಳಿಸಿದ 200 ಜನರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಿನಕ್ಕೊಂದು ಲೋಟ ಕಾಫಿ ಕುಡಿದವರಿಗೆ ಬಿಟ್ಟವರಿಗಿಂತ ಕಡಿಮೆ ಬಾರಿ ಎಎಫ್ ಮರಳಿತು.

ಇಲ್ಲಿಯವರೆಗೆ ಹೇಳಿದ ಪರೀಕ್ಷೆಗಳೆಲ್ಲ ಹೆಚ್ಚುಕಡಿಮೆ ಶ್ರೀಮಂತ ದೇಶಗಳ, ಎಪ್ಪತ್ತರ ಆಸುಪಾಸಿನ ರೋಗಿಗಳ ಮೇಲೆ ನಡೆದವು. ನಮ್ಮ ಎಎಫ್ ವಾರ್ಡಿನ ಮುಖಗಳು ಬೇರೆ. ಭಾರತದ ಇಪ್ಪತ್ತಕ್ಕೂ ಹೆಚ್ಚು ಆಸ್ಪತ್ರೆಗಳ ರೋಗಿಗಳನ್ನು ಲೆಕ್ಕಹಾಕಿದ ದಾಖಲೆಯೊಂದರಲ್ಲಿ ಸರಾಸರಿ ವಯಸ್ಸು ಐವತ್ತೈದರ ಹತ್ತಿರ, ಅರ್ಧದ ಸಮೀಪದಷ್ಟು ಜನರಿಗೆ ರುಮ್ಯಾಟಿಕ್ ಹೃದಯ ಕಾಯಿಲೆ. ಬಾಲ್ಯದಲ್ಲಿ ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ, ಆಮೇಲೆ ಕೀಲುನೋವಿನ ಜ್ವರ, ವರ್ಷಗಳ ನಂತರ ಕಿರಿದಾದ ಮೈಟ್ರಲ್ ಕವಾಟ, ಉಬ್ಬಿದ ಎಡ ಹೃತ್ಕರ್ಣ, ಕೊನೆಗೆ ಎಎಫ್. ಮುಂಚೆ ಹೇಳಿದ 17 ಪಟ್ಟು ಇವರದ್ದೇ. ಇವರಿಗೆ ಅಂಕದ ಲೆಕ್ಕವೂ ಬೇಡ. ಮೈಟ್ರಲ್ ಕವಾಟ ತಕ್ಕಮಟ್ಟಿಗೆ ಕಿರಿದಾಗಿದ್ದರೆ ಎಎಫ್ ಕಂಡ ದಿನದಿಂದಲೇ ಹೆಪ್ಪು ತಡೆಯುವ ಮಾತ್ರೆ ಬೇಕು.

ಯಾವ ಮಾತ್ರೆ ಎಂಬುದಕ್ಕೆ ಬಹಳ ಕಾಲ ಉತ್ತರವಿರಲಿಲ್ಲ, ಏಕೆಂದರೆ ಹೊಸ ಮಾತ್ರೆಗಳ ದೊಡ್ಡ ಪರೀಕ್ಷೆಗಳು ಈ ರೋಗಿಗಳನ್ನು ಹೊರಗಿಟ್ಟಿದ್ದವು. 24 ದೇಶಗಳಲ್ಲಿ ನಾಲ್ಕೂವರೆ ಸಾವಿರ ರೋಗಿಗಳನ್ನು ಸೇರಿಸಿಕೊಂಡ ಇನ್ವಿಕ್ಟಸ್ ಪರೀಕ್ಷೆ ಆ ಕೊರತೆ ನೀಗಿಸಿತು. ಕೆನಡಾದ ಸ್ಟುವರ್ಟ್ ಕಾನೊಲಿ ಜೊತೆ ಅದರ ಮುಂದಾಳತ್ವದಲ್ಲಿದ್ದವರು ದೆಹಲಿಯ ಏಮ್ಸ್‌ನ ಗಣೇಶನ್ ಕಾರ್ತಿಕೇಯನ್. ರೋಗಿಗಳ ಸರಾಸರಿ ವಯಸ್ಸು ಐವತ್ತು, ನೂರರಲ್ಲಿ 72 ಹೆಂಗಸರು. ಸುಲಭದ ರಿವರಾಕ್ಸಬಾನ್ ಸಾಕು ಎಂದು ತೋರಿಸಬಹುದೆಂಬ ನಿರೀಕ್ಷೆಯಿತ್ತು. 2022ರಲ್ಲಿ ಬಂದ ಫಲಿತಾಂಶ ಅದಕ್ಕೆ ತದ್ವಿರುದ್ಧ. ರಿವರಾಕ್ಸಬಾನ್ ಗುಂಪಿನ 2275 ಜನರಲ್ಲಿ 560 ಮಂದಿಗೆ ಲಕ್ವ, ಹೆಪ್ಪು, ಹೃದಯಾಘಾತ ಅಥವಾ ಸಾವು. ವಾರ್ಫರಿನ್ ಬಗೆಯ ಹಳೆಯ ಮಾತ್ರೆಗಳ 2256 ಜನರಲ್ಲಿ 446. ದೊಡ್ಡ ರಕ್ತಸ್ರಾವದಲ್ಲಿ ಎರಡೂ ಗುಂಪುಗಳ ನಡುವೆ ಖಚಿತವಾದ ವ್ಯತ್ಯಾಸವಿರಲಿಲ್ಲ. ಹಳೆಯ ಮಾತ್ರೆಯ ಗುಂಪಿನಲ್ಲಿ ಶುರುವಿನಲ್ಲಿ ಮೂರನೇ ಒಂದು ಭಾಗದವರಿಗಷ್ಟೇ ರಕ್ತದ ಮಟ್ಟ ಸರಿಯಾಗಿತ್ತು. ಅಂಥ ಸ್ಥಿತಿಯಿಂದ ಹೊರಟೂ ಹಳೆಯ ಮಾತ್ರೆ ಗೆದ್ದಿತು. ಕವಾಟ ಕಿರಿದಾದವರಿಗೆ ದುಬಾರಿ ಹೊಸ ಮಾತ್ರೆ ಬರೆದುಕೊಡುವುದು ಇಂದಿನ ತಿಳಿವಳಿಕೆಗೆ ವಿರುದ್ಧ.

ಹಾಗಾಗಿ ನಮ್ಮ ಬಡ ರೋಗಿಗಳ ಪಾಲಿಗೆ ಅತಿ ಕಷ್ಟದ ಮಾತ್ರೆಯೇ ಉಳಿಯಿತು. ಭಾರತದಲ್ಲಿ ವಾರ್ಫರಿನ್‌ಗಿಂತ ಅದರ ಸೋದರ ಅಸೆನೊಕುಮರಾಲ್, ಅಂದರೆ ಅಸಿಟ್ರಾಂ, ಹೆಚ್ಚು ಬಳಕೆ. ಮಾತ್ರೆಗೆ ಕೆಲವು ರೂಪಾಯಿ. ಕಷ್ಟವಿರುವುದು ಐಎನ್‌ಆರ್ ಎಂಬ ಪರೀಕ್ಷೆಯಲ್ಲಿ. ಸಾಮಾನ್ಯರಿಗೆ ಅದು 1. ಈ ರೋಗಿಗಳಿಗೆ 2ರಿಂದ 3ರ ನಡುವೆ ಇರಬೇಕು. 2ಕ್ಕಿಂತ ಇಳಿದರೆ ಹೆಪ್ಪು, 4 ದಾಟಿದರೆ ರಕ್ತಸ್ರಾವ. ನುಗ್ಗೆಸೊಪ್ಪು, ದಂಟು, ಪಾಲಕ್ ಹೆಚ್ಚಾಗಿ ತಿಂದ ವಾರ ಅದು ಇಳಿಯುತ್ತದೆ; ಭೇದಿಗೆಂದು ಮೆಟ್ರೊನಿಡಜಾಲ್ ನುಂಗಿದ ವಾರ ಏರುತ್ತದೆ. ಸೊಪ್ಪು ಬಿಡಬೇಕಿಲ್ಲ, ವಾರವಾರವೂ ಒಂದೇ ಹದದಲ್ಲಿ ತಿನ್ನಬೇಕು ಎಂದು ಹೇಳಿಕೊಡುವವರು ಕಡಿಮೆ. ರೋಗಿಯ ಕೈಯಲ್ಲಿ ಒಂದು ಪುಸ್ತಕವಿರುತ್ತದೆ: ತಾರೀಖು, ಐಎನ್‌ಆರ್, ಸೋಮ ಬುಧ ಶುಕ್ರ ಒಂದು ಮಾತ್ರೆ, ಉಳಿದ ದಿನ ಅರ್ಧ. ಮಡಚಿ ಮಡಚಿ ಹರಿದ ಆ ಪುಟಗಳಲ್ಲಿ ಎರಡು ಪರೀಕ್ಷೆಗಳ ನಡುವೆ ನಾಲ್ಕು ತಿಂಗಳ ಖಾಲಿ ಇದ್ದರೆ, ಅದರ ಹಿಂದೆ ಬಸ್ ಚಾರ್ಜು, ತಪ್ಪಿದ ಕೂಲಿ, ಜೊತೆಗೆ ಬರುವವರಿಲ್ಲದ ಮನೆ ಇರುತ್ತದೆ. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತದಲ್ಲಿ ಕೆಲವೇ ನಿಮಿಷದಲ್ಲಿ ಐಎನ್‌ಆರ್ ತೋರಿಸುವ ಅಂಗೈಯಗಲದ ಯಂತ್ರ ಇದೆ. ಅದು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇರಬೇಕು, ಪ್ರಮಾಣ ಹೇಳುವ ತರಬೇತಿ ಪಡೆದ ದಾದಿಯೊಬ್ಬರೂ ಇರಬೇಕು. ಮಹಾನಗರದ ಆಸ್ಪತ್ರೆಗೆ ಇನ್ನೊಂದು ಅಬ್ಲೇಶನ್ ಯಂತ್ರ ತರುವುದಕ್ಕಿಂತ ಇದು ಹೆಚ್ಚು ಲಕ್ವಗಳನ್ನು ತಡೆಯುತ್ತದೆ ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಈ ರೋಗಿಗಳಲ್ಲಿ ಹೆರುವ ವಯಸ್ಸಿನ ಹೆಣ್ಣುಮಕ್ಕಳು ಬಹಳ. ವಾರ್ಫರಿನ್ ಬಗೆಯ ಮಾತ್ರೆಗಳು ಗರ್ಭದ ಆರರಿಂದ ಹನ್ನೆರಡನೇ ವಾರದಲ್ಲಿ ಮಗುವಿನ ಮೂಳೆ, ಮೂಗಿನ ಬೆಳವಣಿಗೆಗೆ ತೊಂದರೆ ಮಾಡಬಲ್ಲವು. ಆ ಹೊತ್ತಿನಲ್ಲಿ ಹೆಪರಿನ್ ಚುಚ್ಚುಮದ್ದಿಗೆ ಬದಲಾಯಿಸಬೇಕಾಗಬಹುದು. ಮುಟ್ಟು ನಿಂತು ಎರಡು ತಿಂಗಳಾದ ಮೇಲೆ ಹೇಳಿದರೆ ತಡವಾಯಿತು. ಮದುವೆಯ ಮಾತು ಬಂದಾಗಲೇ ಈ ಮಾತೂ ಆಗಬೇಕು, ಆದರೆ ಎಷ್ಟೋ ಮನೆಗಳಲ್ಲಿ ಕಾಯಿಲೆಯನ್ನೇ ಮುಚ್ಚಿಟ್ಟು ಮದುವೆ ಮಾಡುತ್ತಾರೆ, ಮಾತ್ರೆಯನ್ನೂ ನಿಲ್ಲಿಸುತ್ತಾರೆ. ಕವಾಟ ತಕ್ಕ ಸ್ಥಿತಿಯಲ್ಲಿದ್ದರೆ ಎದೆ ತೆರೆಯದೆ ಬಲೂನಿನಿಂದ ಹಿಗ್ಗಿಸಬಹುದು. ಜಪಾನಿನ ಕಾಂಜಿ ಇನೌಯೆ 1980ರ ದಶಕದಲ್ಲಿ ರೂಪಿಸಿದ ಈ ಚಿಕಿತ್ಸೆಗೆ ಬೆಂಗಳೂರಿನ ಜಯದೇವ ಸಂಸ್ಥೆ ಹೆಸರಾದದ್ದು. ಎಎಫ್ ಬರುವುದಕ್ಕೆ ಮುಂಚೆಯೇ ಅದು ಆದರೆ ಹೆಚ್ಚು ಒಳ್ಳೆಯದು.

ಅದಕ್ಕೂ ಹಿಂದೆ ಹೋಗಬಹುದು. ಉಗಾಂಡಾದಲ್ಲಿ 800ಕ್ಕೂ ಹೆಚ್ಚು ಮಕ್ಕಳಲ್ಲಿ, ರುಮ್ಯಾಟಿಕ್ ಕಾಯಿಲೆಯ ಮೊದಲ ಗುರುತನ್ನು ಎಕೋದಲ್ಲಿ ಕಂಡುಕೊಂಡು, ಅರ್ಧ ಮಕ್ಕಳಿಗೆ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟರು. ಎರಡು ವರ್ಷದಲ್ಲಿ ಕವಾಟ ಇನ್ನಷ್ಟು ಕೆಟ್ಟದ್ದು ಚುಚ್ಚುಮದ್ದು ಪಡೆದವರಲ್ಲಿ ಶೇ 0.8, ಪಡೆಯದವರಲ್ಲಿ ಶೇ 8.2.  ಮಗುವಿಗೆ ಗಂಟಲು ನೋವಿನ ಜ್ವರ ಬಂದು, ಎರಡು ಮೂರು ವಾರ ಕಳೆದ ಮೇಲೆ ಮಂಡಿಯೋ ಮೊಣಕೈಯೋ ಊದಿಕೊಂಡು, ಇವತ್ತು ಈ ಕೀಲು ನಾಳೆ ಆ ಕೀಲು ಎಂದು ನೋವು ಜಾಗ ಬದಲಿಸುತ್ತಿದ್ದರೆ ಬರೀ ನೋವಿನ ಎಣ್ಣೆ ಹಚ್ಚಿ ಸುಮ್ಮನಾಗದೆ ಮಕ್ಕಳ ವೈದ್ಯರಿಗೆ ತೋರಿಸಿ, ಎಕೋ ಮಾಡಿಸಿ. ರುಮ್ಯಾಟಿಕ್ ಜ್ವರವೆಂದು ಗೊತ್ತಾದರೆ, ವೈದ್ಯರು ಹೇಳಿದಷ್ಟು ವರ್ಷ ಪೆನಿಸಿಲಿನ್ ಚುಚ್ಚುಮದ್ದನ್ನು ಒಂದು ಸಲವೂ ತಪ್ಪಿಸದೆ ಕೊಡಿಸಿ.